ಬೇಸಿಗೆ ಶುರುವಲ್ಲಿ ಬೆಟ್ಟದ ಕೆರೆಗೆ ಗಾಳ ಹಾಕೋರಿಗೆ

ನಂದಿ ಬೆಟ್ಟ, ದೇವರಾಯನದುರ್ಗದ ಸುತ್ತಿನ ಕೆರೆಗಳಲ್ಲಿ ಮಾರ್ಚ್ ಹೊತ್ತಿಗೆ ನೀರು ಇಳಿದು ಹಸಿರುಗಟ್ಟುತ್ತೆ. ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಹೀರುವುದರಿಂದ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಅದು ಹಸಿವಲ್ಲ, ಉಸಿರಿನ ಕಷ್ಟ. ಆಗ ಎಂಥ ಎರೆ ಕಟ್ಟಿದರೂ ಮೂಸಲ್ಲ. ಬಿಸಿಲೇರಿ ಒಂದೆರಡು ಗಂಟೆ ಬಿಟ್ಟು ಗಾಳ ಹಾಕಿ. ಗಾಳಿ ಬಡಿಯುವ ದಡವೇ ಮೇಲು, ಅಲೆಯಾಡುವ ನೀರಿಗೆ ಆಮ್ಲಜನಕ ಬೆರೆಯುತ್ತೆ.

ಜಿಲೇಬಿ ಮೀನಿಗೆ (ತಿಲಾಪಿಯಾ) 10ನೇ ನಂಬರಿನ ಸಣ್ಣ ಗಾಳ, ಅರ್ಧ ಎರೆಹುಳ, ದಾರಕ್ಕೆ ಕಟ್ಟಿದ ತೇಲುವ ಬೆಂಡಿನಿಂದ ಎರಡಡಿ ಆಳ ಸಾಕು. ರೋಹುಗೆ ಕಡಲೆಕಾಯಿ ಹಿಂಡಿ ಬೆರೆಸಿದ ರಾಗಿಹಿಟ್ಟು. ಬರೀ ರಾಗಿಗೆ ಅಂಟಿಲ್ಲ, ಎಸೆದ ಕೂಡಲೇ ಉದುರುತ್ತೆ. ಕಾಲು ಭಾಗ ಮೈದಾ ಸೇರಿಸಿ ಗಟ್ಟಿಯಾಗಿ ನಾದಿ. ಕಾಟ್ಲಾ ಮೇಲ್ನೀರಲ್ಲೇ ಮೇಯೋದು, ತಳಕ್ಕೆ ಬಿಟ್ಟು ಕಾಯೋದು ದಂಡ. ಮೀನು ಹಿಡಿಯೋ ಹಕ್ಕು ಹರಾಜಾದ ಕೆರೆಯಾದರೆ ಗುತ್ತಿಗೆದಾರರನ್ನ ಕೇಳಿಯೇ ಇಳಿಯಿರಿ.