ಮಾಂಟೆರೆ ದಕ್ಕೆ: ನೀರುನಾಯಿ ನೋಡಿ ಬೊಂಡಾಸ್ ತಿಂದು ಬಂದದ್ದು

ಮೊದಲ ಸಲ ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಊರು ಮಾಂಟೆರೆಗೆ ಹೋದಾಗ ನಾನು ಮಾಡಿದ್ದೆಲ್ಲಾ ತಪ್ಪೇ. ಆಫೀಸಿನ ನಾಲ್ಕು ಜನ, ಆಗಸ್ಟ್ ತಿಂಗಳ ಶನಿವಾರ, ಸ್ಯಾನ್ ಹೋಸೆಯಿಂದ ಹೊರಟದ್ದೇ ಹತ್ತೂವರೆಗೆ, ದಾರಿಯುದ್ದ ಟ್ರಾಫಿಕ್, ತಲುಪುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು, ಸೀದಾ ಓಲ್ಡ್ ಫಿಶರ್‌ಮನ್ಸ್ ವಾರ್ಫಿಗೆ (ಹಳೇ ಮೀನು ದಕ್ಕೆ, ಅಂದ್ರೆ ಬೋಟು ನಿಲ್ಲೋ ಕಟ್ಟೆ) ನುಗ್ಗಿದ್ದು. ಅಲ್ಲಿ ಪ್ರತಿ ಹೋಟೆಲಿನ ಬಾಗಿಲಲ್ಲೂ ಒಬ್ಬರು ನಿಂತು ಚಿಕ್ಕ ಕಪ್ಪಲ್ಲಿ ಕ್ಲಾಮ್ ಚೌಡರ್ (ಚಿಪ್ಪುಮೀನಿನ ಗಟ್ಟಿ ಸೂಪ್) ಸ್ಯಾಂಪಲ್ ಕೊಡ್ತಾರೆ. ಕುಡೀತಾ ಕುಡೀತಾ ಒಂದು ಕಡೆ ಕೂತ್ವಿ, ನಾನು ದೊಡ್ಡಸ್ತಿಕೆಯಲ್ಲಿ ಇಡೀ ಏಡಿ ಆರ್ಡರ್ ಮಾಡಿದೆ, ಮೆನುವಿನಲ್ಲಿ ರೇಟ್ ಜಾಗದಲ್ಲಿ ‘ಮಾರ್ಕೆಟ್ ಪ್ರೈಸ್’ ಅಂತ ಇತ್ತು, ಎಷ್ಟು ಅಂತ ಕೇಳ್ಲಿಕ್ಕೆ ಮರ್ಯಾದೆ ಅಡ್ಡ ಬಂತು. ಬಿಲ್ ಬಂದಾಗ ಆ ಮರ್ಯಾದೆಯೂ ಹೋಯ್ತು. ಏಡಿ ಅಂತೂ ನೀರು ನೀರು, ಮಾಂಸ ಚಿಪ್ಪಿಗೆ ಅಂಟಿಕೊಂಡು ಬಿಡ್ತಾನೇ ಇಲ್ಲ. ಊರಿಗೆ ಫೋನ್ ಮಾಡಿ ಹೇಳಿದ್ರೆ ಅಮ್ಮ ಒಂದೇ ಮಾತು ಹೇಳಿದ್ರು, "ಅದು ಐಸ್ ಏಡಿ ಮಗಾ, ಯಾವ ಕಾಲದಲ್ಲಿ ಯಾವ ಮೀನು ಅಂತ ಕೇಳಿ ತಿನ್ಲಿಕ್ಕೆ ಆಗುದಿಲ್ವಾ ನಿಂಗೆ?"

ಹೌದು. ಇಲ್ಲಿನ ಡಂಜನೆಸ್ ಏಡಿಯ ಸೀಸನ್ ನವೆಂಬರ್‌ನಿಂದ ಆಚೆಗೆ, ಅದೂ ಎಷ್ಟೋ ವರ್ಷ ತಿಮಿಂಗಿಲ ಏಡಿ ಬೋನಿನ ಹಗ್ಗಕ್ಕೆ ಸಿಕ್ಕಿಕೊಳ್ತದೆ ಅಂತ ಬೋಟಿನವರಿಗೆ ಡಿಸೆಂಬರ್, ಜನವರಿ ತನಕ ಪರ್ಮಿಷನ್ ಕೊಡುದಿಲ್ಲ. ಆಗಸ್ಟಲ್ಲಿ ತಾಜಾ ಏಡಿ ಎಲ್ಲಿಂದ ಬರ್ಬೇಕು.

ಆಮೇಲೆ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಾಗ ಸೆಪ್ಟೆಂಬರಿನಲ್ಲಿ ಒಂದು ಮಂಗಳವಾರ ರಜೆ ಹಾಕಿ ಕರ್ಕೊಂಡು ಹೋದೆ. ಅಮ್ಮನ ತವರುಮನೆ ಮಲ್ಪೆ ದಕ್ಕೆಯಿಂದ ಕೂಗಳತೆ ದೂರ, ಹಾಗಾಗಿ ಅವರಿಗೆ ಸಮುದ್ರ ತೋರಿಸ್ತೇನೆ ಅನ್ನೋದೇ ಒಂದು ಜೋಕು. ಈ ಸಲ ಬೆಳಿಗ್ಗೆ ಆರಕ್ಕೇ ಹೊರಟ್ವಿ. ಬೈನಾಕ್ಯುಲರ್, ಜಾಕೆಟ್ (ಕ್ಯಾಲಿಫೋರ್ನಿಯಾ ಅಂದ್ರೆ ಬಿಸಿಲು ಅಂದ್ಕೊಂಡು ಹೋಗ್ಬೇಡಿ, ಅಲ್ಲಿ ಬೇಸಿಗೆಯಲ್ಲೂ ಮಧ್ಯಾಹ್ನದವರೆಗೆ ಮಂಜು ಕೂತಿರ್ತದೆ), ಫ್ಲಾಸ್ಕಲ್ಲಿ ಚಾ, ಮತ್ತೆ ಅಮ್ಮನ ಬ್ಯಾಗಲ್ಲಿ ನಂಗೆ ಗೊತ್ತಿಲ್ಲದೆ ಒಂದು ಡಬ್ಬಿ ಮೆಣಸಿನ ಮಸಾಲೆ.

ವಾರ್ಫಿಗೆ ಹೋಗದೆ ಮೊದಲು ಕೋಸ್ಟ್ ಗಾರ್ಡ್ ಪಿಯರ್‌ಗೆ ಹೋಗಿ, ಇದು ನನ್ನ ಗಟ್ಟಿ ಸಲಹೆ. ಪಕ್ಕದಲ್ಲೇ ಪೇ ಪಾರ್ಕಿಂಗ್ ಉಂಟು. ಅಲೆ ತಡೀಲಿಕ್ಕೆ ಹಾಕಿದ ಕಲ್ಲಿನ ಸಾಲಿನ ತುದಿಯಲ್ಲಿ ಬೇಲಿ, ಅದರಾಚೆ ಬಂಡೆ ಕಾಣದಷ್ಟು ಸೀ ಲಯನ್ (ಕಡಲಸಿಂಹ). ಕಾಣೋ ಮೊದಲು ಕೇಳ್ತದೆ, ಅದಕ್ಕಿಂತ ಮೊದಲು ವಾಸನೆ ಬರ್ತದೆ. ಅಮ್ಮ ಮೂಗು ಮುಚ್ಚದ್ದು ನೋಡಿ ನಂಗೆ ಆಶ್ಚರ್ಯ ಆಗ್ಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 39ರಲ್ಲೂ ಇವು ಇದ್ದಾವೆ, 1989ರ ಭೂಕಂಪದ ನಂತರ ಅಲ್ಲಿಗೆ ಬಂದು ಸೇರಿದ್ದು, ಆದ್ರೆ ಅಲ್ಲಿ ಜನರ ತಲೆಯ ಸಂದಿಯಲ್ಲಿ ಇಣುಕ್ಬೇಕು. ಜೂನ್, ಜುಲೈನಲ್ಲಿ ಮಾತ್ರ ಗಂಡುಗಳು ಸಂತಾನದ ಕೆಲಸಕ್ಕೆ ದಕ್ಷಿಣದ ದ್ವೀಪಗಳಿಗೆ ಹೋಗ್ತಾವೆ, ಆಗ ಗುಂಪು ಕರಗಿರ್ತದೆ. ಸೀಲ್ ಯಾವುದು ಸೀ ಲಯನ್ ಯಾವುದು ಅಂತ ಅಪ್ಪ ಕೇಳಿದ್ರು, ಸುಲಭ, ಹೊರಗೆ ಕಾಣುವ ಚಿಕ್ಕ ಕಿವಿ ಇದ್ದು ರೆಕ್ಕೆ ಊರಿ ನಡೆದ್ರೆ ಸೀ ಲಯನ್, ಹೊಟ್ಟೆ ಮೇಲೆ ತೆವಳಿದ್ರೆ ಸೀಲ್.

ನೀರುನಾಯಿ (ಇಲ್ಲಿನದ್ದು ಕಡಲಿನದ್ದು, ಸೀ ಆಟರ್) ಹುಡುಕೋದಕ್ಕೆ ಕಣ್ಣಿಗಿಂತ ಕಿವಿ ಬೇಕು. ಪಿಯರ್‌ನಿಂದ ವಾರ್ಫಿಗೆ ದಂಡೆಯುದ್ದಕ್ಕೆ ನಡೆಯುವ ದಾರಿ ಉಂಟು, ಆರಾಮಾಗಿ ಹದಿನೈದು ನಿಮಿಷ, ಅಲ್ಲಿ ಸುಮ್ಮನೆ ನಿಂತು ಕೇಳಿ. ಟಕ್ ಟಕ್ ಟಕ್ ಅಂತ ಕಲ್ಲು ಬಡಿಯೋ ಸದ್ದು ಬಂದ್ರೆ ಆ ಕಡೆ ಬೈನಾಕ್ಯುಲರ್ ತಿರುಗಿಸಿ. ನಮಗೆ ಸಿಕ್ಕಿದ್ದು ಮಲಗಿದ ಹಾಗೆ ತೇಲ್ತಾ, ಎದೆ ಮೇಲೆ ಕಲ್ಲಿಟ್ಟುಕೊಂಡು ಅದಕ್ಕೆ ಚಿಪ್ಪು ಬಡೀತಿತ್ತು, ತಿಂದು ಒಂದು ಸುತ್ತು ಉರುಳಿ ಎದೆ ತೊಳ್ಕೊಂಡು ಮತ್ತೆ ಮುಳುಗ್ತು. ಅಮ್ಮ ಅಷ್ಟೂ ಹೊತ್ತು ಬೈನಾಕ್ಯುಲರ್ ಕೊಡ್ಲೇ ಇಲ್ಲ. "ಮರ್ವಾಯಿ ಚಿಪ್ಪು ಒಡೀಲಿಕ್ಕೆ ನಮಗೆ ಕತ್ತಿ ಬೇಕು, ಇದಕ್ಕೆ ನೋಡು" ಅಂತ. ಇದಕ್ಕೆ ಮೈಯಲ್ಲಿ ಕೊಬ್ಬಿನ ಪದರ ಇಲ್ಲ, ಆ ಚಳಿ ನೀರಲ್ಲಿ ಬರೀ ರೋಮದ ಮೇಲೆ ಬದುಕೋದು, ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ಬೇಕು. ಆ ರೋಮಕ್ಕೋಸ್ಕರವೇ ಕೊಂದು ಮುಗಿಸಿದ್ರು, ಇಲ್ಲಿ ಪೂರ್ತಿ ಹೋಯ್ತು ಅಂದ್ಕೊಂಡಿದ್ದಾಗ 1938ರಲ್ಲಿ ಬಿಗ್ ಸರ್ ಅನ್ನೋ ಕರಾವಳಿ ಹತ್ತಿರ ಒಂದು ಚಿಕ್ಕ ಗುಂಪು ಕಾಣಿಸ್ತು, ಈಗ ಸುಮಾರು 3,000 ಆಗಿದಾವೆ. ಕಯಾಕಲ್ಲಿ ಹೋಗೋರು ಕನಿಷ್ಠ 60 ಅಡಿ ದೂರ ಇರಿ. ತಿಂಡಿ ಹಾಕೋದು 1972ರ ಸಮುದ್ರ ಸಸ್ತನಿ ರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಸೀ ಲಯನ್‌ಗೂ ಅಷ್ಟೇ.

ಊಟಕ್ಕೆ ಮೊದಲು ಇನ್ನೊಂದು ಕಡೆ ಹೋದ್ವಿ, ವಾರ್ಫ್ ನಂಬರ್ 2. ಇದು 1926ರದ್ದು, ಅಂಗಡಿ ಗಿಂಗಡಿ ಕಮ್ಮಿ, ನಿಜವಾದ ದಕ್ಕೆ ಅಂದ್ರೆ ಇದು. ಒಂದು ಬೋಟಿನ ಹೊಟ್ಟೆಯಿಂದ ಪೈಪ್ ಹಾಕಿ ಬೊಂಡಾಸ್ (ಸ್ಕ್ವಿಡ್) ಎಳೀತಾ ಇದ್ರು, ಬಿಳಿ ರಾಶಿ ದಬದಬ ಅಂತ ಡಬ್ಬಕ್ಕೆ ಬೀಳ್ತಿತ್ತು. ಅಪ್ಪ ಅಲ್ಲೇ ಅರ್ಧ ಗಂಟೆ. ಅಮ್ಮ ಮಾತ್ರ ಆಚೀಚೆ ನೋಡಿ, "ಎಂತ ದಕ್ಕೆ ಇದು, ಬುಟ್ಟಿ ಹಿಡ್ಕೊಂಡ ಹೆಂಗಸು ಒಬ್ಬಳೂ ಇಲ್ವಲ್ಲ!" ಅಂದ್ರು. ಗಾಳ ಹಾಕೋ ಆಸೆ ಇದ್ದವರಿಗೆ ಒಂದು ವಿಷಯ, ಕ್ಯಾಲಿಫೋರ್ನಿಯಾದ ಪಬ್ಲಿಕ್ ಪಿಯರ್ ಮೇಲಿಂದ ಹಿಡೀಲಿಕ್ಕೆ ಲೈಸೆನ್ಸ್ ಬೇಡ, ಯಾವ ಮೀನು ಎಷ್ಟು ಅನ್ನೋ ಲಿಮಿಟ್ ಮಾತ್ರ ಉಂಟು.

ಹಾಗೆ ಆರ್ಡರ್ ಏನು ಮಾಡ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಯ್ತು, ಬೋಟಿಂದ ಏನು ಇಳೀತಿದೆಯೋ ಅದು. ಬೊಂಡಾಸ್ ಫ್ರೈ ಮತ್ತೆ ಸ್ಯಾಂಡ್‌ಡ್ಯಾಬ್ ಅಂತ ಒಂದು ಚಪ್ಪಟೆ ಮೀನು, ಅಮ್ಮ ನೋಡಿದ್ದೇ "ಇದು ನಮ್ಮ ನಂಗು ಮೀನಿನ ನೆಂಟ" ಅಂದ್ರು. ಕೇಳಿದ್ರೆ ಎರಡೂ ಫ್ರೋಜನ್ ಅಲ್ಲ ಅಂತ ವೇಟರ್ ಹೇಳಿದ, ನೀವೂ ನಾಚ್ಕೊಳ್ಳದೆ ಕೇಳಿ. ಚೌಡರ್ ಒಂದೇ ಬೌಲ್ ತಗೊಂಡು ಹಂಚ್ಕೊಂಡ್ವಿ, ಬ್ರೆಡ್ಡಿನ ಬೌಲ್ ಒಬ್ಬರಿಗೆ ಮುಗಿಯೋದಲ್ಲ, ಮತ್ತೆ ಎಷ್ಟೋ ಕಡೆ ಅದರಲ್ಲಿ ಬೇಕನ್ (ಹಂದಿ ಮಾಂಸ) ಇರ್ತದೆ, ತಿನ್ನದವರು ಮೊದಲೇ ವಿಚಾರಿಸಿ. ಮೀನು ತಾಜಾ ಇತ್ತು, ಆದ್ರೆ ಬರೀ ಉಪ್ಪು, ನಿಂಬೆ, ಬೆಣ್ಣೆ. ಆಗ ಹೊರಗೆ ಬಂತು ನೋಡಿ ಅಮ್ಮನ ಡಬ್ಬಿ.

ಸಂಜೆ ಅಪ್ಪನಿಗೆ ಬೋಟಿನ ಲೈಟ್ ನೋಡ್ಬೇಕಿತ್ತು. ಬೊಂಡಾಸನ್ನು ರಾತ್ರಿ ದೊಡ್ಡ ಲೈಟ್ ಹಾಕಿ ಮೇಲೆ ಬರಿಸಿ ಬಲೆ ಸುತ್ತೋದು, ಹಿಂದೆ ಇಲ್ಲಿದ್ದ ಚೀನೀ ಮೀನುಗಾರರು ಬೆಂಕಿ ಉರಿಸಿ ಮಾಡ್ತಿದ್ದದ್ದೂ ಇದೇ. "ನಮ್ಮಲ್ಲಿ ಲೈಟ್ ಫಿಶಿಂಗ್ ಬ್ಯಾನ್, ಇವರಿಗೆ ಹೇಗೆ ಬಿಟ್ರು?" ಅಂತ ಅಪ್ಪ. ಇಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಬೊಂಡಾಸ್ ಹಿಡಿಯೋ ಹಾಗಿಲ್ಲ ಅಂದೆ, ನಮ್ಮಲ್ಲಿ ಮಳೆಗಾಲದಲ್ಲಿ 61 ದಿನ ಬೋಟ್ ಇಳಿಸುದಿಲ್ಲವಲ್ಲ ಹಾಗೆ ಇದೂ ಮೊಟ್ಟೆಗೆ ಬಿಡುವು ಕೊಡ್ಲಿಕ್ಕೆ, ಅದಕ್ಕೇ ನಾನು ವೀಕೆಂಡ್ ಬಿಟ್ಟು ಮಂಗಳವಾರ ಕರ್ಕೊಂಡು ಬಂದದ್ದು. ಅವರಿಗೆ ಸಮಾಧಾನ ಆಗ್ಲಿಲ್ಲ. ಕತ್ತಲಾದ ಮೇಲೆ ದೂರದಲ್ಲಿ ಒಂದೊಂದೇ ಬೆಳಕು ಹೊತ್ತಿಕೊಳ್ತು, ಅಪ್ಪ ಏಳು ಎಣಿಸಿದ್ರು, ಅಮ್ಮ ಆರು ಅಂದ್ರು, ಏಳನೇದು ಬೋಟಾ ಬೇರೆಂತದಾ ಅಂತ ಚರ್ಚೆ ಮಾಡ್ತಾ ಪಾರ್ಕಿಂಗ್ ಟೈಮ್ ಮುಗಿದು ಕಾಲು ಗಂಟೆ ಆಗಿತ್ತು.