ಮೂರು ಟಿಕ್ ಹಾಕಿದರೂ ಬರೀ ಕೇಸರಿಬಾತ್ ಯಾಕೆ ಬಂತು?

ಆಫೀಸಿನ ಶನಿವಾರದ ತಿಂಡಿಗೆ ಅಂತ ಸರ್ವರಿನಲ್ಲಿ ಓಡುವ ಭಾಷೆಯಾದ ಪಿಎಚ್‌ಪಿಯಲ್ಲಿ ಒಂದು ಫಾರ್ಮ್ ಮಾಡಿದ್ದೆ. ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತ್, ಬೇಕಾದ್ದಕ್ಕೆಲ್ಲ ಟಿಕ್ ಹಾಕಿ ಅಂದೆ. ಆಮೇಲೆ ಡೇಟಾಬೇಸ್ ತೆಗೆದು ನೋಡಿದರೆ ಮುಕ್ಕಾಲು ಜನಕ್ಕೆ ಬರೀ ಕೇಸರಿಬಾತ್!

ಬ್ರೌಸರ್ ಸರಿಯಾಗೇ ಕಳಿಸಿತ್ತು. ಟಿಕ್ ಆದ ಒಂದೊಂದು ಬಾಕ್ಸಿಗೂ ಅದು ತಿಂಡಿ=ಇಡ್ಲಿ&ತಿಂಡಿ=ಕೇಸರಿಬಾತ್ ಅಂತ ಒಂದೇ ಹೆಸರನ್ನು ಮತ್ತೆ ಮತ್ತೆ ಬರೆಯುತ್ತದೆ. ಪಿಎಚ್‌ಪಿ ಮಾತ್ರ ಹೊಸದು ಬಂದ ಹಾಗೆ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ.

ಹಾಗಾಗಿ ಮೊದಲು ಎಲ್ಲ ಬಾಕ್ಸಿನ ಹೆಸರನ್ನೂ ತಿಂಡಿ[] ಎಂದು ಬದಲಿಸಿ. ಆ ಖಾಲಿ ಚೌಕ ಕಂಸ ಕಂಡರೆ ಪಿಎಚ್‌ಪಿ ಎಲ್ಲವನ್ನೂ ಒಂದು ಅರೇಗೆ, ಅಂದರೆ ಪಟ್ಟಿಗೆ, ತುಂಬುತ್ತದೆ. ಓದುವಾಗ ಮಾತ್ರ ಕಂಸ ಬೇಡ, ಸುಮ್ನೆ ತಿಂಡಿ ಅಂದರೆ ಸಾಕು. ಬಾಕ್ಸಿಗೆ ವ್ಯಾಲ್ಯೂ (ಟಿಕ್ ಆದಾಗ ಕಳಿಸಬೇಕಾದ ಪದ) ಕೊಡುವುದನ್ನು ಮರೆತರೆ ಸರ್ವರಿಗೆ ಬರುವುದು 'ಆನ್' ಎಂಬ ಪದವಷ್ಟೇ, ಯಾವ ತಿಂಡಿ ಅಂತ ಗೊತ್ತಾಗುವುದಿಲ್ಲ.

ಜಾಸ್ತಿ ಜನ ಎಡವುವುದು ಮುಂದಿನದರಲ್ಲಿ. ಟಿಕ್ ಹಾಕದ ಬಾಕ್ಸಿನ ಬಗ್ಗೆ ಬ್ರೌಸರ್ ತುಟಿ ಬಿಚ್ಚುವುದಿಲ್ಲ. ಯಾರಾದರೂ ಮತ್ತೆ ಫಾರ್ಮ್ ತೆರೆದು ಎಲ್ಲ ಟಿಕ್ ತೆಗೆದು ಕಳಿಸಿದರೆ ಸರ್ವರಿಗೆ ತಿಂಡಿ ಎಂಬ ಹೆಸರೇ ಬರುವುದಿಲ್ಲ, ನಿಮ್ಮ ಕೋಡ್ 'ಬಂದರೆ ಮಾತ್ರ ಬದಲಿಸು' ಅಂತಿದ್ದರೆ ಬೇಡ ಅಂದವರಿಗೂ ಹಳೇ ಆರ್ಡರ್ ಹಾಗೇ ಉಳಿಯುತ್ತದೆ. ಹೆಸರು ಬರದಿದ್ದರೆ ಖಾಲಿ ಅರೇ ಅಂತಲೇ ಲೆಕ್ಕ ಹಿಡಿಯಿರಿ.

ಬಂದದ್ದನ್ನೆಲ್ಲ ನಂಬಲೂಬೇಡಿ. ಪೇಜಿನ ವ್ಯಾಲ್ಯೂ ತಿದ್ದಿ 'ಬಿರಿಯಾನಿ' ಅಂತ ಕಳಿಸುವ ಪುಣ್ಯಾತ್ಮರು ನಮ್ಮಲ್ಲೇ ಇದ್ದಾರೆ. ಬಂದದ್ದು ಅರೇ ಹೌದಾ ಅಂತ ನೋಡಿ, ಆಮೇಲೆ ಅರೇ_ಇಂಟರ್‌ಸೆಕ್ಟ್ ಹಾಕಿ ನಿಮ್ಮ ಪಟ್ಟಿಯಲ್ಲಿ ಇರುವುದನ್ನಷ್ಟೇ ಇಟ್ಟುಕೊಳ್ಳಿ.

ಉಳಿಸುವಾಗ ಎಲ್ಲವನ್ನೂ ಅಲ್ಪವಿರಾಮ ಹಾಕಿ ಒಂದೇ ಕಾಲಂಗೆ ತುರುಕುವ ಆಸೆ ಬರುತ್ತದೆ, ಅಲ್ವಾ? ನಾಳೆ ಮೆನುವಿಗೆ ಮಸಾಲೆ ವಡೆ ಸೇರಿದರೆ 'ವಡೆ' ಹುಡುಕಿದಾಗ ಎರಡೂ ಸಿಗುತ್ತವೆ. ಬೇರೆ ಟೇಬಲ್ ಮಾಡಿ, ಒಂದು ತಿಂಡಿಗೆ ಒಂದು ಸಾಲು. ಬದಲಾದಾಗ ಹಳೇ ಸಾಲು ಅಳಿಸುವುದು, ಹೊಸದು ಸೇರಿಸುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಲಿ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು.

ಪೈಥಾನಿನವರಿಗೆ ಈ ಕಂಸದ ಗೋಜಿಲ್ಲ, ಆದರೆ ಗೆಟ್ ಬದಲು ಗೆಟ್‌ಲಿಸ್ಟ್ ಬಳಸಬೇಕು. ಗೆಟ್ ಬಳಸಿದರೆ ಒಂದೇ ಸಿಗುತ್ತದೆ: ಪೈಥಾನಿನ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ ಫ್ಲಾಸ್ಕ್ ಮೊದಲನೆಯದನ್ನು ಕೊಡುತ್ತದೆ, ಜಾಂಗೋ ಕೊನೆಯದನ್ನು. ಜಾವಾಸ್ಕ್ರಿಪ್ಟಿನ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್‌ನಲ್ಲಿ ಇನ್ನೊಂದು ಕಿತಾಪತಿ: ಎರಡು ಟಿಕ್ ಇದ್ದರೆ ಅರೇ, ಒಂದೇ ಇದ್ದರೆ ಬರೀ ಸ್ಟ್ರಿಂಗ್, ಅಂದರೆ ಪಟ್ಟಿಯಲ್ಲದ ಬಿಡಿ ಪದ. ಅದಕ್ಕೇ ಒಂದೂ ಇಲ್ಲದೆ, ಒಂದೇ ಹಾಕಿ, ಎಲ್ಲ ಹಾಕಿ, ಮೂರು ಸಲ ಕಳಿಸಿ ನೋಡಿ.