ಭರ್ಜರಿ ಊಟದವರ ಜೊತೆ ಕುಳಿತು ಪಥ್ಯ ಪಾಲಿಸುವ ಬಗೆ

ಒಬ್ಬರೇ ಕುಳಿತು ಉಣ್ಣುವಾಗ ಪಥ್ಯ ಪಾಲಿಸುವುದು ಅಷ್ಟೇನೂ ಕಷ್ಟವಲ್ಲ. ಮೂರು ಮೂರು ಸಲ ಬಡಿಸಿಕೊಂಡು ಸಂತೋಷದಿಂದ ಉಣ್ಣುವವರ ಪಕ್ಕದಲ್ಲಿ ದಿನವೂ ಕುಳಿತುಕೊಳ್ಳಬೇಕಾದಾಗ ನಿಜವಾದ ಕಷ್ಟ ಶುರುವಾಗುತ್ತದೆ. ಆಗ ಅಳತೆ ತಪ್ಪಿತೆಂದು ತಮ್ಮ ಮನಸ್ಸೇ ಗಟ್ಟಿಯಿಲ್ಲವೆಂದು ಹಳಿದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಅವರ ಮನಸ್ಸಿನದಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಡಿ ಕಾಸ್ಟ್ರೋ 1980ರ ದಶಕದಲ್ಲಿ ಜನರಿಂದ ಊಟದ ದಿನಚರಿ ಬರೆಸಿ ಪರಿಶೀಲಿಸಿದಾಗ, ಜೊತೆಗೆ ಕುಳಿತವರು ಹೆಚ್ಚಿದಂತೆ ಊಟದ ಪ್ರಮಾಣವೂ ಹೆಚ್ಚುವುದು ಕಂಡುಬಂದಿತ್ತು. 2012ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಅಧ್ಯಯನವೊಂದರಲ್ಲಿ 70 ಜೋಡಿ ಯುವತಿಯರ ಊಟವನ್ನು ತುತ್ತು ತುತ್ತಾಗಿ ಗಮನಿಸಲಾಯಿತು. ಒಬ್ಬಳು ತುತ್ತು ಎತ್ತಿದ 5 ಸೆಕೆಂಡಿನೊಳಗೆ ಇನ್ನೊಬ್ಬಳೂ ಎತ್ತುವ ಸಾಧ್ಯತೆ ಹೆಚ್ಚಾಗಿತ್ತು, ಅದರಲ್ಲೂ ಊಟದ ಆರಂಭದಲ್ಲಿ ಈ ಅನುಕರಣೆ ಇನ್ನಷ್ಟು ಬಲವಾಗಿತ್ತು. ಪಕ್ಕದವರ ಕೈ ನಮ್ಮ ಕೈಯನ್ನು ಎಳೆಯುತ್ತದೆ ಎಂಬುದನ್ನು ಒಪ್ಪಿಕೊಂಡರೆ, ಆ ಎಳೆತಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳಬಹುದು.

ಮೊದಲು ಹೋಲಿಕೆಯನ್ನು ಬಿಡಬೇಕು. ವಿಶ್ರಾಂತ ಸ್ಥಿತಿಯಲ್ಲಿ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡಲು ಆಹಾರತಜ್ಞರು ಬಳಸುವ, 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ 55 ಕಿಲೋ ತೂಕ, 155 ಸೆಂಟಿಮೀಟರ್ ಎತ್ತರದ 40 ವರ್ಷದ ಹೆಂಗಸಿಗೆ ದಿನಕ್ಕೆ ಸುಮಾರು 1160 ಕಿಲೋಕ್ಯಾಲೊರಿ ಸಾಕಾದರೆ, 80 ಕಿಲೋ ತೂಕ, 178 ಸೆಂಟಿಮೀಟರ್ ಎತ್ತರದ 30 ವರ್ಷದ ಗಂಡಸಿಗೆ ಸುಮಾರು 1770 ಬೇಕಾಗುತ್ತದೆ. ಇಬ್ಬರೂ ಏನೂ ಕೆಲಸ ಮಾಡದೆ ಮಲಗಿದ್ದರೂ ಉಳಿಯುವ ವ್ಯತ್ಯಾಸವಿದು. ಅವನು ಮೈಮುರಿದು ದುಡಿಯುವವನಾಗಿದ್ದರೆ ಅಂತರ ಮತ್ತಷ್ಟು ದೊಡ್ಡದಾಗುತ್ತದೆ. ಆದ್ದರಿಂದ ಅವನ ತಟ್ಟೆಯನ್ನು ನೋಡಿ ನಮ್ಮದನ್ನು ತುಂಬಿಸಿಕೊಳ್ಳುವುದೂ ತಪ್ಪು, ಅವನು ಅತಿಯಾಗಿ ಉಣ್ಣುತ್ತಾನೆಂದು ಮನಸ್ಸಿನಲ್ಲಿ ದೂರುವುದೂ ತಪ್ಪು.

ಅಡುಗೆಯಲ್ಲಿ ಎರಡು ಒಲೆ ಹೂಡುವ ಸಾಹಸ ಬೇಡ. ಪಥ್ಯದವರಿಗೊಂದು, ಉಳಿದವರಿಗೊಂದು ಎಂದು ಬೇಯಿಸಲು ಹೊರಟವರು ಕೆಲವೇ ವಾರಗಳಲ್ಲಿ ದಣಿದು ಕೈಬಿಡುವುದನ್ನು ನಾನು ಕಂಡಿದ್ದೇನೆ. ಅಡುಗೆ ಒಂದೇ ಇರಲಿ, ಆದರೆ ಎಣ್ಣೆ, ಬೆಣ್ಣೆ, ಸಕ್ಕರೆಗಳು ಪಾತ್ರೆಗೆ ಬೀಳುವ ಬದಲು ತಟ್ಟೆಗೆ ಬೀಳಲಿ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ 4 ಕಿಲೋಕ್ಯಾಲೊರಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ 9 ದೊರೆಯುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕಿಲೋಕ್ಯಾಲೊರಿ ಇರುತ್ತದೆ. ಬಾಣಲೆಗೆ ಸೀಸೆಯಿಂದ ನೇರವಾಗಿ ಸುರಿಯುವಾಗ ಆ ಧಾರೆ ಒಂದು ಚಮಚವೋ ಮೂರು ಚಮಚವೋ ಎಂಬುದು ಯಾರ ಕಣ್ಣಳತೆಗೂ ಸಿಗುವುದಿಲ್ಲವಾದ್ದರಿಂದ, ಅಡುಗೆಗೆ ಅಳೆದು ಹಾಕಿ, ಹೆಚ್ಚು ಬೇಕೆನ್ನುವವರು ತಮ್ಮ ತಟ್ಟೆಯಲ್ಲಿ ಬೆರೆಸಿಕೊಳ್ಳುವಂತೆ ಮೇಜಿನ ಮೇಲೆ ಬೇರೆಯಾಗಿ ಇಟ್ಟರೆ ಯಾರಿಗೂ ಕೊರತೆಯಾಗದು.

ಬಡಿಸಿಕೊಳ್ಳುವಾಗ ಅರ್ಧ ತಟ್ಟೆಗೆ ಮೊದಲು ತರಕಾರಿ ಹಾಕಿಕೊಂಡು, ಆಮೇಲೆ ಉಳಿದ ಜಾಗವನ್ನು ಬೇಳೆಕಾಳು, ಮೊಟ್ಟೆ ಅಥವಾ ಮಾಂಸಕ್ಕೂ, ಧಾನ್ಯದ ಅಡುಗೆಗೂ ಹಂಚಬೇಕು. ನಿಮಗೆ ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ಬಡಿಸಿಕೊಳ್ಳುವುದು ಮೇಲು, ಏಕೆಂದರೆ ಸ್ವಲ್ಪ ಸ್ವಲ್ಪವೇ ಐದು ಸಲ ಹಾಕಿಸಿಕೊಂಡರೆ ಲೆಕ್ಕ ಕೈತಪ್ಪುತ್ತದೆ. ಹೊಟ್ಟೆ ತುಂಬಿತೆಂಬ ಸೂಚನೆ ಮೆದುಳಿಗೆ ತಲುಪಲು ಸಮಯ ಹಿಡಿಯುವುದರಿಂದ, ಆರಂಭದ ಹತ್ತು ನಿಮಿಷ ನಿಧಾನವಾಗಿ ಉಣ್ಣಿರಿ. ಸಾಧ್ಯವಾದರೆ ಮನೆಯವರಲ್ಲಿ ನಿಧಾನವಾಗಿ ಉಣ್ಣುವವರ ಎದುರು ಕುಳಿತುಕೊಳ್ಳಿರಿ. ಅನುಕರಣೆ ಹೇಗೂ ನಡೆಯುವುದಾದರೆ ಅದು ಅವರದೇ ಆಗಲಿ.

ಇಷ್ಟೆಲ್ಲ ಮಾಡಿದರೂ ದಾಕ್ಷಿಣ್ಯವೊಂದು ಉಳಿಯುತ್ತದೆ, ಮತ್ತು ನನ್ನ ಅನುಭವದಲ್ಲಿ ಪಥ್ಯ ಮುರಿಯುವುದು ಹಸಿವಿನಿಂದಲ್ಲ, ದಾಕ್ಷಿಣ್ಯದಿಂದ. ನಮ್ಮಣ್ಣ ಹೊಟ್ಟೆತುಂಬ ಉಣ್ಣುವವನು, ಅಷ್ಟೇ ಪ್ರೀತಿಯಿಂದ ಬಡಿಸುವವನು. ತುಂಬಿದ ಸೌಟು ತಟ್ಟೆಯ ಮೇಲೆ ಬಂದು ನಿಂತು, ಅದರ ಅಂಚಿನಿಂದ ಒಂದು ಹನಿ ಇನ್ನೇನು ಬೀಳಲಿದೆ ಎನ್ನುವ ಆ ಕ್ಷಣದಲ್ಲಿ 'ಬೇಡ' ಎನ್ನುವುದು ಅವನನ್ನೇ ಬೇಡವೆಂದಂತೆ ತೋರುತ್ತಿತ್ತು. ಕೊನೆಗೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ, 'ಅಣ್ಣಾ, ನೀನು ಬಡಿಸಿದರೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ, ಇನ್ನು ಮೇಲೆ ನಾನೇ ಬಡಿಸಿಕೊಳ್ಳುತ್ತೇನೆ' ಎಂದು ಹೇಳಿದೆ. ಅಂದಿನಿಂದ ಅವನು ಸೌಟಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಪಾತ್ರೆಯನ್ನು ಸರಿಸುತ್ತಾನೆ. ಇಂಥ ಮಾತನ್ನು ಮೇಜಿನ ಮುಂದೆ, ಎಲ್ಲರ ಎದುರು ಆಡಬಾರದು. ಅಲ್ಲಿ ಅದು ವಾದವಾಗಿಬಿಡುತ್ತದೆ.

ಹೇಳುವ ಮಾತಿನ ರೂಪವೂ ಮುಖ್ಯ. ಗ್ರಾಹಕರ ವರ್ತನೆಯನ್ನು ಅಧ್ಯಯನ ಮಾಡುವ ಸಂಶೋಧಕರಾದ ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 'ನಾನು ತಿನ್ನುವ ಹಾಗಿಲ್ಲ' ಎಂಬ ಧಾಟಿಯಲ್ಲಿ ನಿರಾಕರಿಸಿದವರಿಗಿಂತ 'ನಾನು ತಿನ್ನುವುದಿಲ್ಲ' ಎಂಬ ಧಾಟಿಯಲ್ಲಿ ನಿರಾಕರಿಸಿದವರು ತಮ್ಮ ನಿರ್ಧಾರಕ್ಕೆ ಹೆಚ್ಚು ಬದ್ಧರಾಗಿದ್ದರು. ಹಾಗಿಲ್ಲ ಎಂದರೆ ಯಾರೋ ತಡೆದಂತಾಗುತ್ತದೆ, ಎದುರಿನವರು ಆ ತಡೆಯನ್ನು ಸಡಿಲಿಸಲು ನೋಡುತ್ತಾರೆ. 'ಆಮೇಲೆ ನೋಡೋಣ' ಎಂಬ ಉತ್ತರವಂತೂ ಮತ್ತೊಮ್ಮೆ ಕೇಳಿರೆಂದು ಆಹ್ವಾನ ಕೊಟ್ಟಂತೆಯೇ. ತಿಂದದ್ದರಲ್ಲಿ ಒಂದನ್ನು ಹೆಸರಿಟ್ಟು ಮೆಚ್ಚಿ, 'ತೃಪ್ತಿಯಾಯಿತು, ಸಾಕು' ಎಂದರೆ ಅಡುಗೆ ಮಾಡಿದವರ ಮನಸ್ಸೂ ನೋಯುವುದಿಲ್ಲ.

ವಿಶೇಷ ಊಟವಿದೆಯೆಂದು ಹಗಲೆಲ್ಲ ಉಪವಾಸವಿದ್ದು ಹೋಗುವುದು ಸರಿಯಲ್ಲ; ಅತಿ ಹಸಿವಿನಲ್ಲಿ ಯಾವ ನಿರ್ಧಾರವೂ ನಿಲ್ಲುವುದಿಲ್ಲ. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಊಟ ತಪ್ಪಿಸುವುದು ಅಪಾಯಕಾರಿಯೂ ಹೌದು, ಅವರು ಅಳತೆ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಒಂದು ಹೊತ್ತು ಅಳತೆ ಮೀರಿದರೆ ಮರುದಿನ ಅದಕ್ಕೆ ದಂಡ ತೆರುವಂತೆ ಹೊಟ್ಟೆ ಕಟ್ಟದೆ, ಮುಂದಿನ ಊಟವನ್ನು ಎಂದಿನಂತೆಯೇ ಮಾಡಿದರೆ ಸಾಕು.

ನಿಮ್ಮ ತಟ್ಟೆ ಬರಿದಾದಾಗ ಉಳಿದವರ ಊಟ ಇನ್ನೂ ನಡೆದಿರುತ್ತದೆ. ಆಗ ಎದ್ದು ಹೋಗಬೇಡಿರಿ, ಬರಿದಾದ ತಟ್ಟೆಯನ್ನು ಮುಂದಿಟ್ಟುಕೊಂಡೂ ಕೂರಬೇಡಿರಿ. ತಟ್ಟೆ ಒಳಗಿಟ್ಟು, ಕೈತೊಳೆದು, ಒಂದು ಲೋಟ ನೀರು ಹಿಡಿದು ಮರಳಿ ಬಂದು ಅದೇ ಜಾಗದಲ್ಲಿ ಕುಳಿತು ಮಾತು ಮುಂದುವರಿಸಿರಿ.